ಕಿರಿಕಿರಿ ಮತ್ತು ಮೀನಮೇಷ ಇಲಾಖೆ

ಕಲೋತ್ಸವದ ದಿನಗಳು ಬಂದವೆಂದರೆ ನಮ್ಮ ಶಾಲೆಗಳಲ್ಲಿ ಮಿಮಿಕ್ರಿ ಸುರುವಾಗುತ್ತದೆ. ಮೊದಲು ನಾಯಿ, ಆಮೇಲೆ ರೈಲು, ಚೆಂಡೆ, ಸಿಡಿಮದ್ದು. ನಂತರ ಇಬ್ಬರು ಸಿನಿಮಾ ನಟರು. ಕೊನೆಗೆ ಒಬ್ಬರೋ ಇಬ್ಬರೋ ರಾಜಕಾರಣಿಗಳು. ರಾಜಕಾರಣಿಯ ದನಿ ಬಂದೊಡನೆ ಸಭೆಯಲ್ಲಿ ಚಪ್ಪಾಳೆ. ತೀರ್ಪುಗಾರರೂ ನಗುತ್ತಾರೆ. ಮಕ್ಕಳ ಗಂಟಲಿನ ಸಾಮರ್ಥ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ, ಅದು ನಿಜಕ್ಕೂ ದೊಡ್ಡ ಸಾಧನೆಯೇ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಆ ರಾಜಕಾರಣಿಯ ದನಿಯಲ್ಲಿ ಹುಡುಗ ಏನು ಹೇಳಿದ ಎಂದು ಹೊರಗೆ ಬಂದವರನ್ನು ಕೇಳಿ. ಯಾರಿಗೂ ನೆನಪಿರುವುದಿಲ್ಲ. ಯಾಕೆಂದರೆ ಅವನು ಏನೂ ಹೇಳಿರುವುದಿಲ್ಲ! ದನಿ ಮಾತ್ರ ಇತ್ತು, ಮಾತಿರಲಿಲ್ಲ.

ಇದನ್ನು ನಾವು ರಾಜಕೀಯ ವಿಡಂಬನೆ ಎಂದು ಕರೆಯುತ್ತಿದ್ದೇವೆ. ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ವಿಡಂಬನೆ ಎಂದರೆ ದೊಡ್ಡವರ ಮೂಗು, ಗಂಟಲು, ನಡಿಗೆಗಳ ಅಣಕವಲ್ಲ. ಅಧಿಕಾರ ಹೇಗೆ ಕೆಲಸ ಮಾಡುತ್ತದೆ, ಅಥವಾ ಮಾಡುವುದಿಲ್ಲ, ಎಂಬುದರ ಅಣಕ. ಈ ವ್ಯತ್ಯಾಸ ಮಕ್ಕಳಿಗೆ ತಿಳಿಸಲು ನನಗೆ ಸಿಕ್ಕ ಒಳ್ಳೆಯ ಪಾಠಪುಸ್ತಕ ಬಹಳ ಹಳೆಯದು, ಬಹಳ ದೂರದ್ದು. ಬ್ರಿಟನ್ನಿನ ಬಿಬಿಸಿ ರೇಡಿಯೋದಲ್ಲಿ 1939ರಿಂದ 1949ರವರೆಗೆ ಬಂದ ಒಂದು ನಗೆ ಧಾರಾವಾಹಿ ಅದು. ಹೆಸರು 'ಇಟ್ಸ್ ದಟ್ ಮ್ಯಾನ್ ಎಗೇನ್'. ಜನ ಅದನ್ನು ಮೊದಲಕ್ಷರ ಸೇರಿಸಿ 'ಇಟ್ಮಾ' ಎಂದೇ ಕರೆಯುತ್ತಿದ್ದರು. ಕನ್ನಡದಲ್ಲಿ 'ಮತ್ತೆ ಅದೇ ಮನುಷ್ಯ' ಎನ್ನಬಹುದು.

ಆ 'ಅದೇ ಮನುಷ್ಯ' ಯಾರು ಗೊತ್ತೇ? ಹಿಟ್ಲರ್! ಯುದ್ಧಕ್ಕೆ ಮುಂಚಿನ ದಿನಗಳಲ್ಲಿ ಹಿಟ್ಲರ್ ಏನಾದರೊಂದು ರಗಳೆ ಎಬ್ಬಿಸಿದಾಗೆಲ್ಲ ಅಲ್ಲಿಯ ಪತ್ರಿಕೆಯೊಂದು 'ಮತ್ತೆ ಅದೇ ಮನುಷ್ಯ' ಎಂದು ತಲೆಬರಹ ಕೊಡುತ್ತಿತ್ತಂತೆ. ಅದನ್ನೇ ಎತ್ತಿಕೊಂಡು ನಗೆ ಕಾರ್ಯಕ್ರಮಕ್ಕೆ ಹೆಸರಿಟ್ಟರು. ಜಗತ್ತೇ ಹೆದರುತ್ತಿದ್ದವನ ಹೆಸರಿನ ಜಾಗದಲ್ಲಿ ಲಿವರ್‌ಪೂಲಿನ ಹಾಸ್ಯನಟ ಟಾಮಿ ಹ್ಯಾಂಡ್ಲಿ ಬಂದು ನಿಂತ. ಬರೆದವನು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಟೆಡ್ ಕ್ಯಾವನಾ. ನಿರ್ಮಾಪಕ ಫ್ರಾನ್ಸಿಸ್ ವರ್ಸ್ಲಿ. ಮೊದಲ ಕಂತು 1939ರ ಜುಲೈ 12ರಂದು ಬಂತು. ಆಗ ಅದು ಹಡಗೊಂದರಲ್ಲಿ ನಡೆಯುವ ಕಥೆ, ಅಷ್ಟೇನೂ ಹಿಡಿಸಲಿಲ್ಲ. ಸೆಪ್ಟೆಂಬರಿನಲ್ಲಿ ಯುದ್ಧ ಸುರುವಾಯಿತು. ಬಿಬಿಸಿಯ ವಿನೋದ ವಿಭಾಗವನ್ನು ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಕಳಿಸಿದರು. ಅಲ್ಲಿಂದ ಇಟ್ಮಾ ಮತ್ತೆ ಬಂತು, ಆದರೆ ಹಡಗು ಹೋಗಿ ಸರಕಾರಿ ಕಚೇರಿ ಬಂದಿತ್ತು. ಅಲ್ಲಿಂದ ಮುಂದೆ 300ಕ್ಕೂ ಹೆಚ್ಚು ಕಂತುಗಳು. ಬ್ರಿಸ್ಟಲ್ ಮೇಲೆ ಬಾಂಬು ಬೀಳತೊಡಗಿದಾಗ ವೇಲ್ಸಿನ ಬ್ಯಾಂಗರ್ ಊರಿಗೆ ಹೋದರು, ಅಲ್ಲಿಂದಲೂ ನಗಿಸಿದರು. ಕೋಟಿಗಟ್ಟಲೆ ಜನ ಕೇಳುತ್ತಿದ್ದರು. 1942ರ ಏಪ್ರಿಲ್‌ನಲ್ಲಿ ರಾಜಕುಮಾರಿ ಎಲಿಜಬೆತ್‌ಳ 16ನೇ ಹುಟ್ಟುಹಬ್ಬಕ್ಕೆ ವಿಂಡ್ಸರ್ ಅರಮನೆಯಲ್ಲೇ ಈ ತಂಡದ ಪ್ರದರ್ಶನವಾಯಿತು.

ಅದಿರಲಿ. ಇತಿಹಾಸ ಹೇಳುವುದು ನನ್ನ ಉದ್ದೇಶವಲ್ಲ. ಇಷ್ಟು ಜನ ನಗಲು ಅವರು ಬಳಸಿದ ಸಲಕರಣೆಗಳು ಯಾವುವು, ಅವುಗಳಲ್ಲಿ ನಮಗೆ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂಬುದಷ್ಟೇ ನನ್ನ ವಿಷಯ.

ಮೊದಲ ಸಲಕರಣೆ ಹೆಸರು. ಬ್ರಿಟನ್ನಿನಲ್ಲಿ ಕೃಷಿ ಮತ್ತು ಮೀನುಗಾರಿಕೆ ಮಂತ್ರಾಲಯ ಎಂಬುದಿತ್ತು. ಇಂಗ್ಲಿಷಿನಲ್ಲಿ ಎಗ್ರಿಕಲ್ಚರ್ ಎಂಡ್ ಫಿಶರೀಸ್. ಕ್ಯಾವನಾ ಅದನ್ನು ಸ್ವಲ್ಪವೇ ತಿರುಚಿ ಎಗ್ರವೇಶನ್ ಎಂಡ್ ಮಿಸ್ಟರೀಸ್ ಎಂದು ಮಾಡಿದ. ಅಂದರೆ ಜನರಿಗೆ ಕಿರಿಕಿರಿ ಮಾಡುವ, ಯಾರಿಗೂ ಏನೂ ಅರ್ಥವಾಗದ ಹಾಗೆ ನಡೆದುಕೊಳ್ಳುವ ಮಂತ್ರಾಲಯ. ಇದನ್ನು ಕನ್ನಡಕ್ಕೆ ತರಲು ನಾನು ಒಂದು ದಿನ ತಲೆ ಕೆಡಿಸಿಕೊಂಡೆ. 'ಕೃಷಿ ಮತ್ತು ಮೀನುಗಾರಿಕೆ'ಯನ್ನು 'ಕಿರಿಕಿರಿ ಮತ್ತು ಮೀನಮೇಷ' ಎಂದರೆ ಹೇಗೆ? ಹ್ಯಾಂಡ್ಲಿ ಈ ಇಲಾಖೆಯ ಮಂತ್ರಿ. ಅವನ ಕಚೇರಿಯ ಹೆಸರಿನಲ್ಲೂ ಹೀಗೆಯೇ ಅಣಕವಿತ್ತು. ಸರಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ 'ಆಫೀಸ್ ಆಫ್ ವರ್ಕ್ಸ್' ಎಂಬುದು 'ಆಫೀಸ್ ಆಫ್ ಟ್ವರ್ಪ್ಸ್' ಆಯಿತು. ಟ್ವರ್ಪ್ ಎಂದರೆ ಬೆಪ್ಪ. ನಮ್ಮಲ್ಲಾದರೆ ಲೋಕೋಪಯೋಗಿ ಇಲಾಖೆಯನ್ನು ಲೋಕೋಪದ್ರವಿ ಇಲಾಖೆ ಎಂದ ಹಾಗೆ.

ಗಮನಿಸಿ, ಇಲ್ಲಿ ಯಾವ ಮಂತ್ರಿಯ ಹೆಸರೂ ಇಲ್ಲ, ಯಾವ ಪಕ್ಷವೂ ಇಲ್ಲ. ಬರಿಯ ಬೋರ್ಡು ಬದಲಾಯಿತು. ಯುದ್ಧ ಬಂತೆಂದು ಆ ದೇಶದಲ್ಲಿ ಹೊಸ ಹೊಸ ಮಂತ್ರಾಲಯಗಳು, ಹೊಸ ಹೊಸ ಫಾರಂಗಳು, ಪಡಿತರ ಪುಸ್ತಕಗಳು ಹುಟ್ಟಿಕೊಂಡಿದ್ದವು. ಪ್ರತಿಯೊಬ್ಬ ಕೇಳುಗನೂ ಒಂದಲ್ಲ ಒಂದು ಕಚೇರಿಯ ಮುಂದೆ ಸಾಲಿನಲ್ಲಿ ನಿಂತವನೇ. ಹಾಗಾಗಿ ಬೋರ್ಡಿನ ಹೆಸರು ಕೇಳಿದೊಡನೆ ಅವನಿಗೆ ಮಿಕ್ಕದ್ದು ತಾನಾಗಿ ತಿಳಿಯುತ್ತಿತ್ತು.

ಎರಡನೆಯ ಸಲಕರಣೆ ಬಾಗಿಲು ಮತ್ತು ಪಲ್ಲವಿ ಮಾತು. ರೇಡಿಯೋದಲ್ಲಿ ಮುಖವಿಲ್ಲ, ವೇಷವಿಲ್ಲ. ಯಾರು ಬಂದರು ಎಂದು ಕೇಳುಗನಿಗೆ ಎರಡೇ ಸೆಕೆಂಡಿನಲ್ಲಿ ತಿಳಿಯಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೆ ಒಂದು ಪ್ರವೇಶ, ಸ್ತ್ರೀವೇಷಕ್ಕೆ ಬೇರೊಂದು ಪ್ರವೇಶ ಎಂದಿದೆ, ಚೆಂಡೆಯ ಪೆಟ್ಟಿನಲ್ಲೇ ಗೊತ್ತಾಗುತ್ತದೆ. ಇಟ್ಮಾದಲ್ಲಿ ಆ ಕೆಲಸವನ್ನು ಒಂದು ಬಾಗಿಲಿನ ಸದ್ದು ಮಾಡುತ್ತಿತ್ತು. ಬಾಗಿಲು ತೆರೆಯುತ್ತದೆ, ಒಂದು ಪಾತ್ರ ನುಗ್ಗುತ್ತದೆ, ತನ್ನ ಖಾಯಂ ಮಾತೊಂದನ್ನು ಹೇಳುತ್ತದೆ, ಎರಡು ನಗೆ ಎಬ್ಬಿಸುತ್ತದೆ, ಹೋಗುತ್ತದೆ. ಮತ್ತೆ ಬಾಗಿಲು!

ಕಸ ಗುಡಿಸುವ ಮಿಸೆಸ್ ಮಾಪ್ ಬಕೆಟ್ಟಿನ ಸದ್ದಿನೊಂದಿಗೆ ಬಂದು, ಈಗ ನಿಮ್ಮದನ್ನು ಮುಗಿಸಿ ಬಿಡಲೇ ಸ್ವಾಮಿ ಎಂಬ ಧಾಟಿಯಲ್ಲಿ ಕೇಳುತ್ತಾಳೆ. ಮಂತ್ರಿಯಾಗಲಿ ಮೇಯರ್ ಆಗಲಿ, ಅವಳಿಗೆ ಅವನು ಗುಡಿಸಬೇಕಾದ ಕೋಣೆಯ ಒಂದು ಮೇಜಿನ ಹಾಗೆ. ಹೋಗುವಾಗ 'ಟಿ.ಟಿ.ಎಫ್.ಎನ್.' ಎನ್ನುತ್ತಾಳೆ, ಅಂದರೆ ಸದ್ಯಕ್ಕೆ ಟಾಟಾ. ಯುದ್ಧಕಾಲದಲ್ಲಿ ಎಲ್ಲ ಇಲಾಖೆಗಳನ್ನೂ ಮೊದಲಕ್ಷರಗಳಿಂದಲೇ ಕರೆಯುವ ಚಾಳಿ ಇತ್ತಲ್ಲ, ಅದನ್ನು ಕಸ ಗುಡಿಸುವವಳ ಬಾಯಲ್ಲಿ ಹಾಕಿದ್ದು ಎಷ್ಟು ಚಂದ ನೋಡಿ! ಕರ್ನಲ್ ಚಿನ್‌ಸ್ಟ್ರ್ಯಾಪ್ ಎಂಬ ಕುಡುಕ ಸೈನ್ಯಾಧಿಕಾರಿಗೆ ಯಾರು ಏನು ಹೇಳಿದರೂ ಅದು ಕುಡಿಯಲು ಕರೆದ ಹಾಗೆಯೇ ಕೇಳಿಸುತ್ತದೆ, 'ಬೇಡ ಎನ್ನುವುದಿಲ್ಲ' ಎನ್ನುತ್ತಾನೆ. ಕ್ಲಾಡ್ ಮತ್ತು ಸೆಸಿಲ್ ಎಂಬ ಇಬ್ಬರು ಬಾಗಿಲಲ್ಲೇ 'ಮೊದಲು ನೀವು', 'ಇಲ್ಲ, ಮೊದಲು ನೀವು' ಎಂದು ವಿನಯ ತೋರಿಸುತ್ತ ನಿಲ್ಲುತ್ತಾರೆ, ಲಖನೌ ನವಾಬರ ಕಥೆಯ ಹಾಗೆಯೇ. ಯುದ್ಧವಿಮಾನದ ಪೈಲಟ್‌ಗಳು ಕೂಡ ಆಕಾಶದಲ್ಲಿ ಈ ಮಾತನ್ನು ಆಡುತ್ತಿದ್ದರೆಂದು ಹೇಳುತ್ತಾರೆ.

ಪಲ್ಲವಿ ಮಾತಿನ ಗುಟ್ಟು ಏನು? ಹೊಸದನ್ನು ಕೇಳಿ ನಗುವುದು ಒಂದು ಬಗೆ, ಬರುತ್ತದೆ ಎಂದು ಕಾದು, ಬಂದಾಗ ನಗುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಕೇಳುಗನೂ ಆಟಕ್ಕೆ ಸೇರಿಕೊಳ್ಳುತ್ತಾನೆ. ಒಂದು ಮನೆಯಲ್ಲಿ ಅಜ್ಜಿ, ಮೊಮ್ಮಗ ಇಬ್ಬರೂ ಒಟ್ಟಿಗೆ ಆ ಮಾತನ್ನು ರೇಡಿಯೋಕ್ಕಿಂತ ಅರ್ಧ ಸೆಕೆಂಡು ಮೊದಲೇ ಹೇಳಿಬಿಡುತ್ತಾರೆ. ಬ್ಲ್ಯಾಕ್‌ಔಟಿನ ಕತ್ತಲೆಯಲ್ಲಿ, ಮೇಲೆ ವಿಮಾನದ ಸದ್ದು ಇರುವಾಗ, ಹೀಗೆ ಒಟ್ಟಿಗೆ ಹೇಳಲು ಒಂದು ಮಾತು ಇರುವುದು ಸಣ್ಣ ಸಂಗತಿಯಲ್ಲ.

ಮೂರನೆಯ ಸಲಕರಣೆ ಹೆದರಿಕೆಯನ್ನು ಕುಗ್ಗಿಸುವುದು. ಆ ಕಾಲದಲ್ಲಿ ಎಲ್ಲಿ ನೋಡಿದರೂ ಜರ್ಮನ್ ಗೂಢಚಾರರ ಗುಮಾನಿ. ಇಟ್ಮಾದಲ್ಲಿ ಫುಂಫ್ ಎಂಬ ಗೂಢಚಾರ ಇದ್ದ. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಐದು ಎಂದು ಅರ್ಥ. ಅವನು ಟೆಲಿಫೋನು ಮಾಡಿ, ನಾನು ಫುಂಫ್ ಮಾತಾಡುತ್ತಿದ್ದೇನೆ ಎಂದು ತಾನೇ ಹೇಳಿಕೊಳ್ಳುತ್ತಾನೆ! ಗೂಢಚಾರ ತನ್ನ ಹೆಸರು ಹೇಳಿ ಫೋನು ಮಾಡುವುದೆಂದರೆ ಕಳ್ಳ ಬಾಗಿಲು ತಟ್ಟಿ ವಿಸಿಟಿಂಗ್ ಕಾರ್ಡು ಕೊಟ್ಟ ಹಾಗೆ. ನಟ ಜ್ಯಾಕ್ ಟ್ರೇನ್ ಗಾಜಿನ ಲೋಟವೊಂದರ ಬಾಯಿಗೆ ಅಡ್ಡಲಾಗಿ ಮಾತಾಡಿ ಆ ಟೊಳ್ಳು ದನಿ ತರುತ್ತಿದ್ದ. ಖರ್ಚಿಲ್ಲದ ಉಪಕರಣ! ಯಾವ ಶಾಲೆಯ ಮಕ್ಕಳೂ ಮಾಡಬಹುದು. ಸ್ವಲ್ಪ ದಿನದಲ್ಲೇ ಬ್ರಿಟನ್ನಿನ ಜನ ಒಬ್ಬರಿಗೊಬ್ಬರು ಫೋನು ಮಾಡಿ ತಾವು ಫುಂಫ್ ಎಂದು ಹೇಳಿಕೊಂಡು ನಗತೊಡಗಿದರು. ಹೆದರಿಕೆ ಆಟಿಕೆಯಾಯಿತು.

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು. ಕುರ್ಚಿಯಲ್ಲಿ ಕೂತವನೇ ಕಥಾನಾಯಕ, ಅವನೇ ಬೆಪ್ಪ. ಹ್ಯಾಂಡ್ಲಿ ಮೊದಲು ಮಂತ್ರಿ. 1941ರಲ್ಲಿ ಸಮುದ್ರತೀರದ ಒಂದು ಹಾಳು ಊರಿನ ಮೇಯರ್. ಆ ಊರಿನ ಹೆಸರು 'ಫೋಮಿಂಗ್ ಎಟ್ ದ ಮೌತ್'. ಅಲ್ಲಿ ನದಿ ಸಮುದ್ರ ಸೇರುವಲ್ಲಿನ ಊರುಗಳಿಗೆ 'ಬಾಯಿ' ಎಂಬ ಶಬ್ದ ಸೇರಿಸುವುದುಂಟು, ಆದರೆ ಈ ಹೆಸರಿಗೆ ಬಾಯಲ್ಲಿ ನೊರೆ ಬರುವುದು ಎಂದೂ ಅರ್ಥ. ಯುದ್ಧ ಮುಗಿದ ಮೇಲೆ 1945ರಲ್ಲಿ ಟಾಮ್‌ಟೋಪಿಯಾ ಎಂಬ ದ್ವೀಪಕ್ಕೆ ಅವನೇ ಗವರ್ನರ್. ಪದವಿ ಬದಲಾಯಿತು, ಊರು ಬದಲಾಯಿತು, ಮಾಡುವ ಕೆಲಸ ಮಾತ್ರ ಅದೇ: ಏನೂ ಇಲ್ಲ! ಬಾಗಿಲು ತೆರೆಯುತ್ತಲೇ ಇರುತ್ತದೆ, ಜನ ಬರುತ್ತಲೇ ಇರುತ್ತಾರೆ, ಯಾವ ಕೆಲಸವೂ ಮುಗಿಯುವುದಿಲ್ಲ. ಒಬ್ಬ ಮನುಷ್ಯನನ್ನು ಅಣಕಿಸಿದರೆ ಅವನು ಮಂತ್ರಿಗಿರಿ ಬಿಟ್ಟ ದಿನ ಅಣಕವೂ ಸತ್ತಿತು. ಕುರ್ಚಿಯನ್ನು ಅಣಕಿಸಿದರೆ ಯಾರು ಬಂದು ಕೂತರೂ ಅಣಕ ಅಲ್ಲೇ ಕಾದಿರುತ್ತದೆ.

ಇನ್ನೊಂದು ಕಾರಣವೂ ಇತ್ತು. ಬಿಬಿಸಿಯಲ್ಲಿ ಬದುಕಿರುವವರನ್ನು ಸುಮ್ಮನೆ ಅನುಕರಿಸುವ ಹಾಗಿರಲಿಲ್ಲ. 1948ರಲ್ಲಿ ವಿನೋದ ಕಾರ್ಯಕ್ರಮಗಳ ಬರಹಗಾರರಿಗೆಂದು ಅದು ಮಾಡಿದ, 'ಹಸಿರು ಪುಸ್ತಕ' ಎಂದು ಹೆಸರಾದ ನಿಯಮಾವಳಿಯಲ್ಲಿ ಯಾರನ್ನು ಅನುಕರಿಸಬೇಕಾದರೂ ಅವರ ಒಪ್ಪಿಗೆ ಬೇಕೆಂದಿತ್ತು. ಮಿಮಿಕ್ರಿಯ ದಾರಿ ಕಿರಿದಾದಾಗ ಬುದ್ಧಿವಂತರು ಬೇರೆ ದಾರಿ ಹುಡುಕುತ್ತಾರೆ. ಆ ಬೇರೆ ದಾರಿಯೇ ಹೆಚ್ಚು ದೂರ ಹೋಯಿತು.

ಈಗ ನೀವು ಕೇಳಬಹುದು, ಮಾಷ್ಟ್ರೇ, ಇದು ನಿಜಕ್ಕೂ ರಾಜಕೀಯ ವಿಡಂಬನೆಯೇ? ಸರಕಾರಕ್ಕೆ ಇದರಿಂದ ಏನು ನಷ್ಟವಾಯಿತು? ಅರಸನೇ ಕೂತು ನಗುತ್ತಿದ್ದರೆ ಅದೆಂಥ ಟೀಕೆ? ಪ್ರಶ್ನೆ ನ್ಯಾಯವಾದದ್ದೇ. ಇಟ್ಮಾ ಕಚೇರಿಯನ್ನು ನೋಡಿ ನಕ್ಕಿತು, ಯುದ್ಧವನ್ನು ಪ್ರಶ್ನಿಸಲಿಲ್ಲ. ಜನರ ಸಿಟ್ಟು ನಗೆಯಾಗಿ ಹೊರಟುಹೋದರೆ ಅಧಿಕಾರಿಗಳಿಗೆ ಲಾಭವೇ. ಪ್ರೆಶರ್ ಕುಕ್ಕರಿನ ಸೀಟಿಯ ಹಾಗೆ. ಈ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ.

ಇನ್ನರ್ಧಕ್ಕೆ ಉತ್ತರ ಅದೇ ಬಿಬಿಸಿಯ ಇನ್ನೊಂದು ಕೋಣೆಯಲ್ಲಿದೆ. 1940ರ ಕೊನೆಯಿಂದ 1945ರವರೆಗೆ ಬಿಬಿಸಿಯ ಜರ್ಮನ್ ವಿಭಾಗ ಒಂದು ಧಾರಾವಾಹಿ ಪ್ರಸಾರ ಮಾಡಿತು. ಅಡಾಲ್ಫ್ ಹಿರ್ನ್‌ಶಾಲ್ ಎಂಬ ಕಾಲ್ಪನಿಕ ಜರ್ಮನ್ ಸಿಪಾಯಿ ರಣರಂಗದಿಂದ ಹೆಂಡತಿ ಅಮಾಲಿಯಾಳಿಗೆ ಬರೆಯುವ ಪತ್ರಗಳು. ಬರೆದವನು ವಿಯೆನ್ನಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ರಾಬರ್ಟ್ ಲ್ಯೂಕಸ್. ಈ ಹಿರ್ನ್‌ಶಾಲ್ ಹಿಟ್ಲರನನ್ನು ಒಂದು ಸಲವೂ ಬೈಯುವುದಿಲ್ಲ. ಹೊಗಳುತ್ತಾನೆ! ವಿಪರೀತ ಹೊಗಳುತ್ತಾನೆ. ಮೇಲಿನವರು ಹೇಳಿದ ಸುಳ್ಳನ್ನೆಲ್ಲ ಮುಗ್ಧವಾಗಿ ನಂಬಿ, ಅದನ್ನೇ ಎಳೆ ಎಳೆಯಾಗಿ ವಿವರಿಸುತ್ತಾನೆ. ವಿವರಿಸುವಾಗ ಸುಳ್ಳು ತಾನಾಗಿ ಹರಿದು ಹೋಗುತ್ತದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವ್ಯಾಜಸ್ತುತಿ ಎಂದು ಹೆಸರಿದೆ, ಹೈಸ್ಕೂಲಿನಲ್ಲಿ ಉದಾಹರಣೆ ಬಾಯಿಪಾಠ ಮಾಡಿಸಿ ಮರೆತು ಬಿಡುವ ಅಲಂಕಾರ. ಇಲ್ಲಿ ಅದು ಜೀವದ ಪ್ರಶ್ನೆಯಾಗಿತ್ತು. 1939ರ ಸೆಪ್ಟೆಂಬರ್ 1ರ ಆಜ್ಞೆಯಂತೆ ಜರ್ಮನಿಯಲ್ಲಿ ವಿದೇಶೀ ರೇಡಿಯೋ ಕೇಳಿದರೆ ಜೈಲು, ಕೇಳಿದ್ದನ್ನು ಹಬ್ಬಿಸಿದರೆ ಮರಣದಂಡನೆಯವರೆಗೂ ಹೋಗಬಹುದಿತ್ತು. ಆದರೂ ಕಂಬಳಿ ಹೊದ್ದು, ದನಿ ತಗ್ಗಿಸಿ ಕೇಳಿದವರಿದ್ದರು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ತಿಳಿಯುವುದು ಇಷ್ಟು. ನಗಲು ಸ್ವಾತಂತ್ರ್ಯ ಇರುವಲ್ಲಿ ಕಚೇರಿಯನ್ನೇ ತಲೆಕೆಳಗು ಮಾಡಬಹುದು. ಇಲ್ಲದಲ್ಲಿ ಕಚೇರಿಯ ಮಾತನ್ನೇ ಅಕ್ಷರಕ್ಷರ ಪಾಲಿಸಿ ತೋರಿಸಬೇಕು. ಎರಡರಲ್ಲೂ ಅಣಕಕ್ಕೆ ಗುರಿಯಾಗುವುದು ವ್ಯವಸ್ಥೆಯೇ ಹೊರತು ಯಾರದೋ ಗಂಟಲಲ್ಲ.

ಇನ್ನು ಇಟ್ಮಾದಲ್ಲಿ ನನಗೆ ಹಿಡಿಸದ್ದನ್ನೂ ಹೇಳಿಬಿಡುತ್ತೇನೆ. ಅದರಲ್ಲಿ ಸಿನ್ಯೋರ್ ಸೋಸೋ ಎಂಬ ಇಟಲಿಯವನ ಪಾತ್ರವಿತ್ತು. ಅವನ ಒಡಕು ಇಂಗ್ಲಿಷೇ ನಗೆಯ ಸಾಮಗ್ರಿ. ಇಟಲಿ ಮೂಲದ ನಟನೇ ಆ ಪಾತ್ರ ಮಾಡುತ್ತಿದ್ದ ಎಂಬುದು ಬೇರೆ ಮಾತು. ಅಲಿ ಊಪ್ ಎಂಬ ಬೀದಿ ವ್ಯಾಪಾರಿ ಇದ್ದ, 'ನಾನು ಹೋಗಿ, ನಾನು ವಾಪಸ್ಸು ಬಂದು' ಎಂಬಂಥ ಮುರಿದ ವಾಕ್ಯ ಅವನ ಪಲ್ಲವಿ. ಇವರನ್ನು ನೋಡಿ ಜನ ನಕ್ಕದ್ದು ಕಚೇರಿಯ ತಪ್ಪಿಗಲ್ಲ, ಪರಭಾಷೆಯವನ ನಾಲಿಗೆಗೆ.

ಇದು ನಮಗೆ, ಗಡಿಯಾಚೆಯ ಕನ್ನಡ ಶಾಲೆಗಳವರಿಗೆ, ಪರಕೀಯ ವಿಷಯವಲ್ಲ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೊಗಳುತ್ತೇವೆ. ಅದೇ ನೆಲದ ಮಗು ಮನೆಯಲ್ಲಿ ತುಳುವೋ, ಮಲಯಾಳವೋ, ಬ್ಯಾರಿಯೋ, ಕೊಂಕಣಿಯೋ, ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಚೇರಿಯಲ್ಲಿ ಮಲಯಾಳ ಆಡಬೇಕು. ಕಚೇರಿಗೆ ಹೋದರೆ ಅದರ ಮಲಯಾಳ ಕೇಳಿ ನಗುತ್ತಾರೆ. ಮಂಗಳೂರಿಗೋ ಬೆಂಗಳೂರಿಗೋ ಕಾಲೇಜಿಗೆ ಹೋದರೆ ಅದರ ಕನ್ನಡ ಕೇಳಿ ನಗುತ್ತಾರೆ. ಎರಡು ಕಡೆಯಲ್ಲೂ ನಮ್ಮ ಮಗುವೇ ಸಿನ್ಯೋರ್ ಸೋಸೋ! ಹೀಗಿರುವಾಗ ನಮ್ಮದೇ ವೇದಿಕೆಗಳಲ್ಲಿ ನಾವು ಏನು ಮಾಡುತ್ತೇವೆ? ಬ್ಯಾರಿ ಅಂಗಡಿಯವನ ಉಚ್ಚಾರ, ಕೊಂಕಣಿ ಮಾಮನ ಉಚ್ಚಾರ, ಮಲಯಾಳಿ ಗುಮಾಸ್ತನ ಕನ್ನಡ ಇವುಗಳನ್ನು ಹಾಕಿ ಸಭೆಯನ್ನು ನಗಿಸುತ್ತೇವೆ. ಸುಲಭದ ನಗೆ. ಸಾಲಿನ ಹಿಂದೆ ಕೂತ ಒಂದು ಮಗು ನಗದೆ ಇರುವುದನ್ನು ನಾವು ಗಮನಿಸುವುದಿಲ್ಲ.

ಹಾಗಾದರೆ ಭಾಷೆಯ ಬಗ್ಗೆ ತಮಾಷೆಯೇ ಬೇಡವೇ? ಬೇಕು, ಖಂಡಿತ ಬೇಕು. ತ್ರಿಪ್ಪುಣಿತ್ತುರದಲ್ಲಿ ಹುಟ್ಟಿದ ನಾ. ಕಸ್ತೂರಿಯವರ ಮನೆಮಾತು ಮಲಯಾಳ. ಅವರು ಮೈಸೂರಿಗೆ ಹೋಗಿ ಕನ್ನಡ ಕಲಿತು, ಕನ್ನಡಕ್ಕೇ 'ಅನರ್ಥಕೋಶ' ಕೊಟ್ಟರು. ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯಲ್ಲಿ ಬರೆದು ನಗಿಸಿದರು. ಮೈಸೂರಿನಲ್ಲಿ 1935ರಲ್ಲಿ ಸುರುವಾದ ರೇಡಿಯೋಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರೂ ಅವರೇ ಎಂಬುದು ಪ್ರಸಿದ್ಧ. ಹೊರಗಿನಿಂದ ಬಂದ ಕಿವಿಗೆ ಶಬ್ದದ ಸದ್ದು ಬೇರೆ, ಅರ್ಥ ಬೇರೆಯಾಗಿ ಕೇಳಿಸುತ್ತದೆ. ಒಳಗಿನವರಿಗೆ ಎರಡೂ ಅಂಟಿಕೊಂಡಿರುತ್ತವೆ. ನಮ್ಮ ಮಕ್ಕಳಿಗೂ ಆ ಕಿವಿ ಇದೆ. ನಾವು ಅದನ್ನು ಕೊರತೆ ಎಂದು ತಿದ್ದುತ್ತ ಕೂತಿದ್ದೇವೆ.

ಒಂದು ಉದಾಹರಣೆ. ಕನ್ನಡದಲ್ಲಿ ಪಟ್ಟಿ ಎಂದರೆ ಲಿಸ್ಟು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಇಷ್ಟು ಸಾಕು, ಇಟ್ಮಾ ಧಾಟಿಯಲ್ಲಿ ಒಂದು ಕಚೇರಿ ಕಟ್ಟಬಹುದು. ಕಾಲ್ಪನಿಕ ಕಚೇರಿ, ಕಾಲ್ಪನಿಕ ಇಲಾಖೆ. ಕುರ್ಚಿಯಲ್ಲಿ ಮೇಲಧಿಕಾರಿ ನಾಳೆಪ್ಪನವರು. ಅವರ ಪಲ್ಲವಿ 'ಅದಕ್ಕೆ ಬೇರೆ ಫಾರಂ ಉಂಟು'.

(ಬಾಗಿಲಿನ ಸದ್ದು.)

ಅಜ್ಜಿ: ಸ್ವಾಮೀ, ನನ್ನ ಪಿಂಚಣಿ ಬಂದಿಲ್ಲ.

ನಾಳೆಪ್ಪ: ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ.

ಅಜ್ಜಿ: ಪಟ್ಟಿಯಲ್ಲಿಯಾ? ಅದು ನನ್ನ ಹೆಸರನ್ನು ಯಾವಾಗ ತಿಂದಿತು?

ನಾಳೆಪ್ಪ: ಇದು ಸರಕಾರಿ ಪಟ್ಟಿ ಅಮ್ಮಾ.

ಅಜ್ಜಿ: ಅದು ಗೊತ್ತಾಯಿತು. ಹೊಟ್ಟೆಗೆ ಹಾಕುವವರು ನಾವು, ಬಾಲ ಅಲ್ಲಾಡಿಸುವುದು ನಿಮಗೆ.

ನಾಳೆಪ್ಪ: ಅರ್ಜಿ ಎಲ್ಲಿ? ಓಹೋ, ಕನ್ನಡದಲ್ಲಿ ಬರೆದಿದ್ದೀರಿ. ಸಂತೋಷ. ಇದು ಕನ್ನಡವೇ ಎಂದು ಮಲಯಾಳದಲ್ಲಿ ಒಂದು ಸರ್ಟಿಫಿಕೇಟು ತನ್ನಿ.

ಅಜ್ಜಿ: ಅದನ್ನು ಯಾರು ಕೊಡುತ್ತಾರೆ?

ನಾಳೆಪ್ಪ: ನಾನೇ. ಅದಕ್ಕೆ ಬೇರೆ ಫಾರಂ ಉಂಟು.

(ಬಾಗಿಲಿನ ಸದ್ದು.)

ಏಳನೇ ತರಗತಿಯ ಮಕ್ಕಳು ಇದಕ್ಕಿಂತ ಚಂದ ಬರೆಯುತ್ತಾರೆ, ಅನುಮಾನ ಬೇಡ. ಇಲ್ಲಿ ಅಜ್ಜಿಯ ಭಾಷೆಯನ್ನು ನೋಡಿ ಯಾರೂ ನಗುವುದಿಲ್ಲ. ಅಜ್ಜಿಗೆ ಎರಡು ಭಾಷೆ ಗೊತ್ತಿರುವುದೇ ಅವಳ ಬಲ. ನಗೆ ಹೋಗಿ ತಾಗುವುದು ಫಾರಮ್ಮಿಗೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟರು. ಕಾಯಿದೆಯ ಸಾಲಿಗೂ ಕಚೇರಿಯ ಕಿಟಕಿಗೂ ನಡುವೆ ಎಷ್ಟು ದೂರ ಎಂದು ನಮ್ಮ ಜನರಿಗೆ ಗೊತ್ತು. ಮನವಿ ಕೊಟ್ಟಿದ್ದೇವೆ, ಧರಣಿ ಕೂತಿದ್ದೇವೆ, ಅವು ಬೇಕು, ಇನ್ನೂ ಬೇಕು. ಆದರೆ ಆ ದೂರವನ್ನು ನಗುತ್ತ ಅಳೆಯಲು ಮಕ್ಕಳಿಗೆ ಕಲಿಸಿಲ್ಲ. ಹಕ್ಕನ್ನು ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದೊಡನೆ ಮರೆಯುತ್ತದೆ. ಹಕ್ಕು ಸಿಗದ್ದನ್ನು ನಾಟಕ ಮಾಡಿದ ಮಗು ಮರೆಯುವುದಿಲ್ಲ.

ಸರಕಾರಿ ನೌಕರರಾದ ನಾವು ಮಕ್ಕಳಿಂದ ರಾಜಕೀಯ ಆಡಿಸಬಹುದೇ ಎಂದು ಸಹೋದ್ಯೋಗಿಗಳು ಅಂಜುವುದುಂಟು. ಈ ಅಂಜಿಕೆಗೂ ಇಟ್ಮಾದಲ್ಲೇ ಔಷಧವಿದೆ. ಪಕ್ಷ ಬೇಡ, ನಾಯಕರ ಹೆಸರು ಬೇಡ, ದನಿ ಬೇಡ. ಒಂದು ಕಾಲ್ಪನಿಕ ಬೋರ್ಡು ತೂಗುಹಾಕಿ. ನಾಯಕರ ದನಿ ಮಾಡಿಸುವ ಮಿಮಿಕ್ರಿಯೇ ನಿಜವಾಗಿ ಪಕ್ಷಪಾತದ ದೂರಿಗೆ ದಾರಿ, ಯಾಕೆಂದರೆ ಅಲ್ಲಿ ವ್ಯಕ್ತಿ ಸಿಕ್ಕಿಬೀಳುತ್ತಾನೆ. ನಾಳೆಪ್ಪನವರ ಪರವಾಗಿ ದೂರು ಕೊಡಲು ಯಾರು ಬಂದಾರು? ಬಂದರೆ ಅವರೇ ನಾಳೆಪ್ಪ ಎಂದು ಒಪ್ಪಿಕೊಂಡ ಹಾಗಾಯಿತು!

ಹಳೆಯ ರೇಡಿಯೋ ಹಾಸ್ಯ ಈಗ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ನಿಜ, ಇಟ್ಮಾದ ಧ್ವನಿಮುದ್ರಣ ಈಗ ಕೇಳಿದರೆ ಅರ್ಧಕ್ಕರ್ಧ ತಮಾಷೆ ಅರ್ಥವಾಗುವುದಿಲ್ಲ. ಆ ವಾರದ ಸುದ್ದಿಯನ್ನು ಹಿಡಿದು ಆ ವಾರವೇ ಬರೆದದ್ದು, ಸುದ್ದಿಯೊಂದಿಗೆ ಅದೂ ಹಳಸಿತು. ಶ್ಲೇಷೆಯಂತೂ ಗಡಿ ದಾಟುವುದೇ ಇಲ್ಲ. ಆದರೆ ಕಚೇರಿಯ ಕಟ್ಟೋಣ ದಾಟುತ್ತದೆ. ಇಟ್ಮಾ ಮುಗಿದ ಎಷ್ಟೋ ವರ್ಷಗಳ ನಂತರ, 1962ರಿಂದ 1977ರವರೆಗೆ, ಬಿಬಿಸಿಯಲ್ಲಿ 'ದ ಮೆನ್ ಫ್ರಂ ದ ಮಿನಿಸ್ಟ್ರಿ' ಎಂಬ ಧಾರಾವಾಹಿ ಬಂತು. ಮತ್ತೆ ಸರಕಾರಿ ಕಚೇರಿ, ಮತ್ತೆ ಬೆಪ್ಪ ಅಧಿಕಾರಿಗಳು. ಫಿನ್ಲೆಂಡಿನ ರೇಡಿಯೋ ಅದನ್ನು ತನ್ನ ಭಾಷೆಗೆ ತಂದು ಬಹಳ ಕಾಲ ಪ್ರಸಾರ ಮಾಡಿತು. ಇಂಗ್ಲಿಷ್ ಗುಮಾಸ್ತನನ್ನು ನೋಡಿ ಫಿನ್ಲೆಂಡಿನವರು ನಕ್ಕರು, ಯಾಕೆಂದರೆ ಅವರಲ್ಲೂ ಅಂಥವನೇ ಇದ್ದ. ನಮ್ಮಲ್ಲೂ ಇದ್ದಾನೆ, ಕರ್ನಾಟಕದಲ್ಲೂ ಇದ್ದಾನೆ, ಅಕ್ಕಲಕೋಟೆ, ತಾಳವಾಡಿಗಳಲ್ಲೂ ಇದ್ದಾನೆ.

ಟಾಮಿ ಹ್ಯಾಂಡ್ಲಿ 1949ರ ಜನವರಿ 9ರಂದು ತೀರಿಹೋದ. ಬೇರೊಬ್ಬನನ್ನು ತಂದು ಮುಂದುವರಿಸದೆ ಬಿಬಿಸಿ ಧಾರಾವಾಹಿಯನ್ನು ಅಲ್ಲಿಗೇ ನಿಲ್ಲಿಸಿತು. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನಲ್ಲಿ ಅವನಿಗಾಗಿ ಪ್ರಾರ್ಥನೆ ನಡೆಯಿತು. ಅದು ಒಬ್ಬ ಹಾಸ್ಯಗಾರನಿಗೆ ಸುಲಭದಲ್ಲಿ ಸಿಗುವ ಗೌರವವಲ್ಲ.

ನಮ್ಮ ನೆಲದಲ್ಲಿ ಹಾಸ್ಯಗಾರನಿಗೆ ಗೌರವ ಮೊದಲಿಂದಲೂ ಉಂಟು. ಯಕ್ಷಗಾನದ ಹಾಸ್ಯಗಾರ ದೇವೇಂದ್ರನ ಒಡ್ಡೋಲಗದಲ್ಲಿ ಬಾಗಿಲು ಕಾಯುತ್ತಲೇ ಊರಿನ ಪಂಚಾಯತಿನ ರಸ್ತೆಯ ಹೊಂಡದ ಬಗ್ಗೆ ಒಂದು ಮಾತು ಬಿಡುತ್ತಾನೆ, ಎದುರಿನ ಕುರ್ಚಿಯಲ್ಲಿ ಕೂತ ಪಂಚಾಯತು ಸದಸ್ಯರೂ ನಗಬೇಕಾಗುತ್ತದೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ರೇಡಿಯೋದ ಹಾಗೆ ಮಾತೇ ಎಲ್ಲ. ಅಂದರೆ ಬಾಗಿಲು, ಪಲ್ಲವಿ, ಕುರ್ಚಿ, ವ್ಯಾಜಸ್ತುತಿ ಎಲ್ಲವೂ ನಮ್ಮ ಅಂಗಳದಲ್ಲೇ ಬಿದ್ದಿವೆ. ಇಂಗ್ಲೆಂಡಿನಿಂದ ತರಬೇಕಾದ್ದು ಗಾಜಿನ ಲೋಟ ಕೂಡ ಅಲ್ಲ.

ಆದ್ದರಿಂದ ಸಹೋದ್ಯೋಗಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಈ ವರ್ಷ ಮಿಮಿಕ್ರಿಗೆ ಮಕ್ಕಳನ್ನು ಸಿದ್ಧಪಡಿಸಿ, ಬಹುಮಾನವೂ ಬರಲಿ. ಅದರ ಜೊತೆಗೆ ತಿಂಗಳಿಗೊಂದು ಶುಕ್ರವಾರ, ಶಾಲೆಯ ಮೈಕಿನಲ್ಲಿ ಹತ್ತೇ ನಿಮಿಷ, ಮಕ್ಕಳೇ ಕಟ್ಟಿದ ಒಂದು ಕಚೇರಿ ನಡೆಯಲಿ. ನಿಯಮ ಎರಡೇ ಸಾಕು. ಯಾರ ಉಚ್ಚಾರವನ್ನೂ ಅಣಕಿಸಬಾರದು. ಕುರ್ಚಿಯಲ್ಲಿ ಕೂತವನಿಗಿಂತ ಮುಂದೆ ನಿಂತವನೇ ಹೆಚ್ಚು ಜಾಣನಾಗಿರಬೇಕು. ಮೊದಲ ಕಂತಿನಲ್ಲಿ ಆ ಕುರ್ಚಿಗೆ ಹೆಡ್‌ಮಾಷ್ಟ್ರನ್ನೋ ನಿಮ್ಮನ್ನೋ ಕೂರಿಸಿದರೂ ಬೇಸರ ಮಾಡಬೇಡಿ. ಮಕ್ಕಳು ಕಂಡ ಮೊದಲ ಕಚೇರಿ ನಮ್ಮ ಶಾಲೆಯೇ ಅಲ್ಲವೇ?